ಬಸುರಿಗೆ ಚಳಿಜ್ವರ ಬಂದರೆ ಲೆಕ್ಕವೇ ಬೇರೆ!

ಮಂಗಳೂರಿನವರಿಗೆ ಮಲೇರಿಯಾ ಎಂದರೆ ಹೆದರಿಕೆಯೇ ಇಲ್ಲ. 1990ರ ದಶಕದಲ್ಲಿ ಊರೆಲ್ಲ ಕಟ್ಟಡ ಏಳತೊಡಗಿದಾಗಿನಿಂದ ಅದು ಮನೆಯ ನೆಂಟನ ಹಾಗೆ ಬಂದು ಹೋಗುತ್ತಿದೆ. "ಎಂತ, ಮಲೇರಿಯಾ ಅಲ್ವಾ? ಮಾತ್ರೆ ತಿಂದ್ರೆ ಆಯ್ತು ಮಾರಾಯ್ರೇ" ಎಂದು ಬಸ್ಸಿನ ಸೀಟಿನಲ್ಲೇ ವೈದ್ಯ ಮುಗಿಯುತ್ತದೆ. ಈಗ ರೋಗಿಗಳ ಸಂಖ್ಯೆ ಹಿಂದಿಗಿಂತ ಬಹಳ ಇಳಿದಿದೆ, ನಿಜ. ಆದರೆ ಜ್ವರ ಬಂದದ್ದು ಬಸುರಿಗಾದರೆ?

ಹೆರಿಗೆಯಾದ ಮೇಲೆ "ಕಸ ಬಿತ್ತಾ?" ಎಂದು ಅಜ್ಜಿಯರು ಕೇಳುತ್ತಾರಲ್ಲ, ಅದೇ ಮಾಸು. ಹೆಸರು ಕಸವಾದರೂ ಒಂಬತ್ತು ತಿಂಗಳು ಮಗುವಿಗೆ ಅನ್ನ, ಉಸಿರು ಎರಡೂ ಅದರ ಮೂಲಕವೇ. ಫಾಲ್ಸಿಪ್ಯಾರಂ ಜಾತಿಯ ರೋಗಾಣು ಹೊಕ್ಕ ರಕ್ತಕಣಗಳಿಗೆ ಈ ಮಾಸಿಗೆ ಅಂಟಿಕೊಳ್ಳುವ ವಿದ್ಯೆ ಉಂಟು. ಅಲ್ಲಿ ಗುಂಪು ಕಟ್ಟಿ ಕೂತವೆಂದರೆ ಮಾಸು ಕೆಡುತ್ತದೆ, ಮಗುವಿನ ಪಾಲು ಕಡಿಮೆಯಾಗುತ್ತದೆ. ತಾಯಿಗೆ ರಕ್ತ ಬೇರೆ ಇಳಿಯುತ್ತದೆ. ಗರ್ಭ ಇಳಿಯಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಉಳಿದರೂ ಎರಡೂವರೆ ಕಿಲೋ ತೂಗದ ಕೂಸು. ಅಂಥ ಕೂಸಿಗೆ ಮೊದಲ ತಿಂಗಳು ದಾಟುವುದೇ ಕಷ್ಟ.

ಇನ್ನೊಂದು ಮೋಸವೂ ಉಂಟು. ರೋಗಾಣು ಮಾಸಿನಲ್ಲಿ ಅಡಗಿರುವಾಗ ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಕಾಣದೆಯೂ ಹೋಗಬಹುದು. "ಇಲ್ಲ" ಎಂದು ಚೀಟಿ ಬಂದರೂ ಜ್ವರ ಬಿಡದಿದ್ದರೆ ಮತ್ತೆ ಪರೀಕ್ಷೆ ಮಾಡಿಸಲೇಬೇಕು.

ನಮ್ಮೂರಲ್ಲಿ ಹೆಚ್ಚು ಕಾಣುವುದು ವೈವಾಕ್ಸ್. ಅದು ಮಾಸಿಗೆ ಅಷ್ಟಾಗಿ ಅಂಟದು. ಹಾಗೆಂದು ಸಾಧುವಲ್ಲ, ಅದರಿಂದಲೂ ತಾಯಿಯ ರಕ್ತ, ಕೂಸಿನ ತೂಕ ಎರಡೂ ಇಳಿಯುತ್ತವೆ. ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿ ಮಲಗಿದ್ದು ತಿಂಗಳುಗಳ ಮೇಲೆ ಮತ್ತೆ ಎದ್ದು ಬರುತ್ತದೆ. ಹಾಗೆ ಮಲಗಿದ್ದನ್ನು ಕೊಲ್ಲುವ ಪ್ರಿಮಾಕ್ವಿನ್ ಮಾತ್ರೆಯನ್ನು ಬಸುರಿಗೆ ಕೊಡುವಂತಿಲ್ಲ. ಕ್ಲೋರೋಕ್ವಿನ್ ಆದೀತು, ಅದೂ ಡಾಕ್ಟರು ಹೇಳಿದಂತೆ. ಮೆಡಿಕಲ್ ಶಾಪಿನವರೇ, ಗಂಡನ ಹಳೇ ಚೀಟಿ ಹಿಡಿದು "ಇದೇ ಮಾತ್ರೆ ಕೊಡಿ" ಎಂದು ಯಾರಾದರೂ ಬಂದರೆ, ಯಾರಿಗೆ ಎಂದು ಒಂದು ಮಾತು ಕೇಳಿ.

ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆಂದು ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕಿ, ಇವೇ ಈ ಸೊಳ್ಳೆಯ ತೊಟ್ಟಿಲು. ಅದರ ಬುಡದ ತಗಡಿನ ಶೆಡ್ಡಿನಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಹೆಣ್ಣುಮಕ್ಕಳು ಸೊಳ್ಳೆಪರದೆ ಇಲ್ಲದೆ ಮಲಗುತ್ತಾರೆ. ಸರಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. ಆದರೆ ಹೋದರೆ ಅರ್ಧ ದಿನದ ಕೂಲಿ ಖೋತಾ. ಆ ಅರ್ಧ ದಿನದ ಕೂಲಿಯನ್ನು ಕಂಟ್ರಾಕ್ಟರರು ಕೊಡಬಾರದೇ?