ಎಲುಬು ಕೂಡಿತು, ರೋಗ ಉಳಿಯಿತು: ಟೊಂಕದ ಮುರಿತದ ಬಗೆಗಿನ ತಪ್ಪು ಕಲ್ಪನೆಗಳು ಮತ್ತು ಸತ್ಯ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದು ಏಳಲಾರದೆ ಹೋದರೆ 'ಟೊಂಕ ಮುರಿಯಿತು' ಎನ್ನುವುದು ರೂಢಿ. ಇಂಥ ಹೆಚ್ಚಿನ ಸಂದರ್ಭಗಳಲ್ಲಿ ಮುರಿದಿರುವುದು ಟೊಂಕವಲ್ಲ, ಟೊಂಕದ ಕುಳಿಯೊಳಗೆ ಕೂರುವ ತೊಡೆ ಎಲುಬಿನ ಮೇಲ್ತುದಿ. ಆ ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಮಗ್ಗುಲಿಗೆ ಹೊರಳಿ ಬಿದ್ದಿರುವುದೇ ಅದರ ಮುಖ್ಯ ಗುರುತು. ಈ ಮುರಿತದ ಹಿಂದೆ ಸಾಮಾನ್ಯವಾಗಿ ಅಸ್ಥಿರಂಧ್ರತೆ, ಅಂದರೆ ಎಲುಬಿನ ಒಳಗಿನ ಜಾಲರಿ ವರ್ಷಗಟ್ಟಲೆ ಸದ್ದಿಲ್ಲದೆ ತೆಳುವಾಗುತ್ತ ಹೋಗುವ ರೋಗ, ಇರುತ್ತದೆ. ಮುರಿತಕ್ಕೆ ಚಿಕಿತ್ಸೆ ಸಿಕ್ಕು, ರೋಗ ಮಾತ್ರ ಹಾಗೆಯೇ ಮನೆಗೆ ಮರಳುವುದು ಜಗತ್ತಿನ ಎಲ್ಲೆಡೆ ಕಂಡುಬಂದಿರುವ ಲೋಪ; ಅದಕ್ಕೆ ಹಣದ ಕೊರತೆಯಷ್ಟೇ ತಪ್ಪು ತಿಳಿವಳಿಕೆಯೂ ಕಾರಣ.

ತಪ್ಪು ಕಲ್ಪನೆ 1: ಬಿದ್ದದ್ದರಿಂದ ಮುರಿಯಿತು, ಎಲುಬಿಗೆ ಬೇರೆ ರೋಗವೇನೂ ಇಲ್ಲ.

ಸತ್ಯ: ನಿಂತ ಎತ್ತರದಿಂದ ಬಿದ್ದಷ್ಟಕ್ಕೆ ಗಟ್ಟಿ ಎಲುಬು ಸಾಮಾನ್ಯವಾಗಿ ಮುರಿಯುವುದಿಲ್ಲ, ಮುರಿದರೆ ಎಲುಬೇ ದುರ್ಬಲವಾಗಿತ್ತೆಂದು ತಿಳಿಯಬೇಕು. ಎಲುಬಿನ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ, ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿ ಕೊಡುವ ಟಿ-ಸ್ಕೋರ್ −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅಸ್ಥಿರಂಧ್ರತೆ ಎಂಬ ಮಾನದಂಡವನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಮುಂದಿಟ್ಟಿತು. ಆದರೆ ಐವತ್ತು ದಾಟಿದವರಿಗೆ ಸಣ್ಣ ಪೆಟ್ಟಿನಿಂದಲೇ ಈ ಮುರಿತವಾಗಿದ್ದರೆ ಅದೇ ರೋಗದ ಸಾಕ್ಷಿಯಾಗುವುದರಿಂದ, ಡೆಕ್ಸಾಕ್ಕಾಗಿ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿಬರುವವರೆಗೆ ಔಷಧವನ್ನು ತಡೆಹಿಡಿಯಬೇಕಾಗಿಲ್ಲ. ಅದಕ್ಕಿಂತ ಮೊದಲು ಬೇಕಾದದ್ದು ಕ್ಯಾಲ್ಸಿಯಂ, ಮೂತ್ರಪಿಂಡ, ಥೈರಾಯ್ಡ್, ವಿಟಮಿನ್ ಡಿ ಮುಂತಾದ ರಕ್ತಪರೀಕ್ಷೆಗಳು ಮತ್ತು ರೋಗಿ ಬಹುಕಾಲ ಸ್ಟಿರಾಯ್ಡ್ ಗುಳಿಗೆ ನುಂಗಿದ್ದಾರೆಯೇ ಎಂಬ ವಿಚಾರಣೆ.

ಮಾತಿನ ಗೊಂದಲವೊಂದು ಇಲ್ಲಿ ಸೇರಿಕೊಳ್ಳುತ್ತದೆ. 'ಎಲುಬು ಸವೆದಿದೆ' ಎಂಬ ಒಂದೇ ಮಾತನ್ನು ಮೊಣಕಾಲಿನ ಕೀಲುನೋವಿಗೂ ಅಸ್ಥಿರಂಧ್ರತೆಗೂ ಬಳಸುತ್ತಾರೆ. ಮೊದಲನೆಯದರಲ್ಲಿ ಸವೆಯುವುದು ಕೀಲಿನ ಮೆದು ಪದರ, ಅದು ನೋಯುತ್ತದೆ. ಎರಡನೆಯದು ಮುರಿಯುವವರೆಗೂ ನೋಯುವುದಿಲ್ಲ. ನೋವಿಲ್ಲವೆಂದರೆ ರೋಗವಿಲ್ಲವೆಂದು ತಿಳಿಯುವುದು ಈ ಗೊಂದಲದಿಂದಲೇ.

ತಪ್ಪು ಕಲ್ಪನೆ 2: ದುಡಿದ ದೇಹಕ್ಕೆ, ಬಿಸಿಲು ಕಂಡ ಮೈಗೆ ಈ ರೋಗ ಬಾರದು.

ಸತ್ಯ: ಬಿಸಿಲು ಊರಿನಲ್ಲಿದ್ದರೆ ಸಾಲದು, ಚರ್ಮಕ್ಕೆ ತಾಕಬೇಕು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಘಾಟು ತಾಳಲಾರದೆ ಮೂಗು-ಬಾಯಿಗೆ ಸೆರಗು ಬಿಗಿದು, ನೆರಳಿನಲ್ಲಿ ದಿನವಿಡೀ ಕುಳಿತೇ ದುಡಿಯುತ್ತಾರೆ. ಆ ದುಡಿಮೆಯಲ್ಲಿ ಬೆರಳು ದಣಿಯುತ್ತದೆ, ತೊಡೆ ಎಲುಬಿಗೆ ಮೈಭಾರ ಹೊತ್ತು ಗಟ್ಟಿಯಾಗುವ ಅವಕಾಶ ಮಾತ್ರ ಸಿಗುವುದಿಲ್ಲ. ವಯಸ್ಸಾದಂತೆ ಚರ್ಮವು ವಿಟಮಿನ್ ಡಿ ತಯಾರಿಸುವ ಶಕ್ತಿಯೂ ಕುಗ್ಗುತ್ತದೆ. ತಿರುಪತಿ ಭಾಗದಲ್ಲಿ ನಡೆದ ಅಧ್ಯಯನಗಳು ಹಳ್ಳಿಗರಲ್ಲೂ ಈ ವಿಟಮಿನ್ನಿನ ಕೊರತೆಯನ್ನು ಕಂಡಿವೆ. ಋತುಬಂಧದ ನಂತರ ಈಸ್ಟ್ರೋಜೆನ್ ಇಳಿಯುವುದರಿಂದ ಹೆಂಗಸರಲ್ಲಿ ರೋಗ ಹೆಚ್ಚು ಎಂಬುದು ನಿಜವಾದರೂ ಗಂಡಸರು ಹೊರತಲ್ಲ. ಬೀಡಿ ಮತ್ತು ಮದ್ಯ ಎರಡೂ ಎಲುಬನ್ನು ಕೆಡಿಸುತ್ತವೆ, ಮುರಿತದ ನಂತರ ಸಾಯುವ ಪ್ರಮಾಣವಂತೂ ಗಂಡಸರಲ್ಲೇ ಹೆಚ್ಚು.

ತಪ್ಪು ಕಲ್ಪನೆ 3: ಈ ವಯಸ್ಸಿನಲ್ಲಿ ಆಪರೇಷನ್ ಬೇಡ, ಕಟ್ಟು ಕಟ್ಟಿಸಿ ಮಲಗಿಸಿದರೆ ಕೂಡಿಕೊಳ್ಳುತ್ತದೆ.

ಸತ್ಯ: ಮುಂಗೈ ಎಲುಬಿಗೆ ದಬ್ಬೆ ಕಟ್ಟಿದಂತೆ ಇಲ್ಲಿ ಕಟ್ಟಲಾಗದು, ಏಕೆಂದರೆ ತೊಡೆಯ ದಪ್ಪ ಸ್ನಾಯುಗಳು ಮುರಿದ ತುಂಡನ್ನು ಸತತವಾಗಿ ಮೇಲಕ್ಕೆ ಎಳೆಯುತ್ತಿರುತ್ತವೆ. ಮುರಿತವು ಎಲುಬಿನ ಕುತ್ತಿಗೆಯಲ್ಲಿದ್ದು ತುಂಡು ಸರಿದಿದ್ದರೆ ಕುಳಿಯೊಳಗಿನ ಗುಂಡು ತುದಿಗೆ ಹೋಗುವ ರಕ್ತವೇ ಕಡಿಯಬಹುದಾದ್ದರಿಂದ ವಯಸ್ಸಾದವರಲ್ಲಿ ಸಾಮಾನ್ಯವಾಗಿ ಆ ಗುಂಡು ತುದಿಯನ್ನೇ ಬದಲಿಸುತ್ತಾರೆ. ಅದಕ್ಕಿಂತ ಕೆಳಗಿದ್ದರೆ ರಾಡು ಅಥವಾ ತಿರುಪು ಹಾಕಿ ಜೋಡಿಸುತ್ತಾರೆ. ವಾರಗಟ್ಟಲೆ ಮಲಗಿದವರನ್ನು ಕಾಡುವುದು ಮುರಿತಕ್ಕಿಂತ ಹೆಚ್ಚಾಗಿ ನ್ಯುಮೋನಿಯಾ, ಬೆನ್ನ ಹುಣ್ಣು ಮತ್ತು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ರಕ್ತ. ಆದ್ದರಿಂದ ಸಾಧ್ಯವಾದಲ್ಲಿ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುವುದು ಇಂದಿನ ಕ್ರಮ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ.

ತಪ್ಪು ಕಲ್ಪನೆ 4: ರಾಡು ಹಾಕಿದ ಮೇಲೆ ಚಿಕಿತ್ಸೆ ಮುಗಿಯಿತು.

ಸತ್ಯ: ಎಲ್ಲಕ್ಕಿಂತ ದುಬಾರಿಯಾದ ತಪ್ಪು ಕಲ್ಪನೆ ಇದೇ. ರಾಡು ಗಟ್ಟಿಮಾಡುವುದು ಮುರಿದ ಜಾಗವನ್ನು ಮಾತ್ರ. ಇನ್ನೊಂದು ಕಾಲು, ಬೆನ್ನೆಲುಬಿನ ಕಂಬ, ಮುಂಗೈ ಎಲ್ಲವೂ ಮೊದಲಿನಷ್ಟೇ ದುರ್ಬಲವಾಗಿರುತ್ತವೆ, ಮತ್ತೊಂದು ಮುರಿತದ ಅಪಾಯವು ಮುಂದಿನ ಒಂದೆರಡು ವರ್ಷಗಳಲ್ಲೇ ಅತಿ ಹೆಚ್ಚು. ಈ ಅಪಾಯವನ್ನು ತಗ್ಗಿಸಬಹುದೆಂಬುದಕ್ಕೆ 2007ರಲ್ಲಿ ಪ್ರಕಟವಾದ ಹೊರೈಜನ್ ಅಧ್ಯಯನ ಸಾಕ್ಷಿ. ಇದೇ ಬಗೆಯ ಮುರಿತಕ್ಕೆ ಶಸ್ತ್ರಚಿಕಿತ್ಸೆಯಾದ 2,127 ರೋಗಿಗಳಲ್ಲಿ ಒಂದು ಗುಂಪಿಗೆ, 90 ದಿನಗಳೊಳಗೆ ಆರಂಭಿಸಿ ವರ್ಷಕ್ಕೊಮ್ಮೆ 5 ಮಿಲಿಗ್ರಾಂ ಜೊಲೆಡ್ರೋನಿಕ್ ಆಮ್ಲವನ್ನು ಸಲೈನ್‌ನಂತೆ ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟಾಗ, ಔಷಧವಿಲ್ಲದ ಗುಂಪಿಗಿಂತ ಹೊಸ ಮುರಿತಗಳು ಶೇಕಡಾ 35, ಸಾವುಗಳು ಶೇಕಡಾ 28 ಕಡಿಮೆಯಾದವು. ಈ ಔಷಧಕ್ಕೆ ಮೊದಲು ವಿಟಮಿನ್ ಡಿ ಕೊರತೆಯನ್ನು ತುಂಬಬೇಕು, ಮೂತ್ರಪಿಂಡದ ಶಕ್ತಿಯನ್ನು ನೋಡಬೇಕು.

ವಾರಕ್ಕೊಂದು ಅಲೆಂಡ್ರೊನೇಟ್ ಗುಳಿಗೆ ಇನ್ನೊಂದು ದಾರಿ. ಅದನ್ನು ಬೆಳಗ್ಗೆ ಚಹಾಕ್ಕೂ ಮೊದಲು, ಬರಿ ಹೊಟ್ಟೆಯಲ್ಲಿ, ತುಂಬಿದ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ ಇರಬೇಕು. ಇಲ್ಲದಿದ್ದರೆ ಅದು ಅನ್ನನಾಳವನ್ನು ಸುಡಬಹುದು, ಚಹಾ-ಹಾಲಿನೊಡನೆ ಸೇರಿದರೆ ಮೈಗೆ ಹತ್ತುವುದೂ ಇಲ್ಲ. ಊರಿನ ಸಂತೆಯ ದಿನವನ್ನೇ ಗುಳಿಗೆಯ ದಿನವನ್ನಾಗಿ ಇಟ್ಟುಕೊಂಡರೆ ವಾರ ತಪ್ಪುವ ಸಂಭವ ಕಡಿಮೆ. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದನ್ನಂತೂ ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು, ಏಕೆಂದರೆ ನಿಲ್ಲಿಸಿದ ಮೇಲೆ ಬೆನ್ನೆಲುಬುಗಳು ಸಾಲಾಗಿ ಕುಸಿಯುವ ಅಪಾಯವಿದೆ.

ತಪ್ಪು ಕಲ್ಪನೆ 5: ರೊಟ್ಟಿ ಉಂಡು ಕ್ಯಾಲ್ಸಿಯಂ ಗುಳಿಗೆ ನುಂಗಿದರೆ ಸಾಕು.

ಸತ್ಯ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಈ ಸೀಮೆಯ ಮುಖ್ಯ ಆಹಾರವಾದ ಜೋಳದಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಋತುಬಂಧದ ನಂತರ ದಿನಕ್ಕೆ 1,200 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುವುದರಿಂದ, ರೊಟ್ಟಿಯ ಪಕ್ಕದಲ್ಲಿರುವ ಗಟ್ಟಿ ಮೊಸರು, ಗುರೆಳ್ಳಿನ ಹಿಂಡಿ, ಎಳ್ಳು ಹಾಗೂ ಸೊಪ್ಪೇ ಈ ಕೊರತೆಯನ್ನು ತುಂಬಬೇಕು; ಸ್ನಾಯು ಉಳಿಯಲು ಬೇಳೆ, ಕಾಳು, ಮೊಟ್ಟೆಯೂ ಬೇಕು. ಆದರೂ ಇವೆಲ್ಲ ಕಟ್ಟಡಕ್ಕೆ ಇಟ್ಟಿಗೆ ಒದಗಿಸಿದಂತೆ ಮಾತ್ರ. ಒಂದು ಕಡೆ ಎಲುಬನ್ನು ಕೆಡವುತ್ತಲೇ ಇರುವ ಜೀವಕೋಶಗಳನ್ನು ತಡೆಯುವುದು ಮೇಲೆ ಹೇಳಿದ ಔಷಧಗಳ ಕೆಲಸವಾದ್ದರಿಂದ, ಮುರಿತ ಆಗಿಹೋದವರಿಗೆ ಬರೀ ಕ್ಯಾಲ್ಸಿಯಂ ಸಾಲದು.

ತಪ್ಪು ಕಲ್ಪನೆ 6: ಈ ಔಷಧಗಳಿಂದ ದವಡೆ ಕೊಳೆಯುತ್ತದೆ, ತೊಡೆ ಎಲುಬು ತಾನಾಗಿಯೇ ಮುರಿಯುತ್ತದೆ.

ಸತ್ಯ: ಎರಡೂ ಅಡ್ಡಪರಿಣಾಮಗಳು ಇರುವುದು ನಿಜ, ಆದರೆ ಬಲು ಅಪರೂಪ. ದವಡೆಯ ತೊಂದರೆ ಹೆಚ್ಚಾಗಿ ಕಂಡಿರುವುದು ಕ್ಯಾನ್ಸರ್ ರೋಗಿಗಳಿಗೆ ಇವೇ ಔಷಧಗಳನ್ನು ಬಹಳ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ. ಹುಳುಕು ಹಲ್ಲು ಇದ್ದರೆ ಮೊದಲೇ ಸರಿಪಡಿಸಿಕೊಳ್ಳುವುದು, ವರ್ಷಗಳ ಬಳಕೆಯ ನಂತರ ತೊಡೆಯಲ್ಲಿ ಹೊಸ ನೋವು ಕಂಡರೆ ಕೂಡಲೇ ತೋರಿಸುವುದು, ಮೂರರಿಂದ ಐದು ವರ್ಷಕ್ಕೆ ಔಷಧವನ್ನು ಮರುವಿಮರ್ಶೆ ಮಾಡಿಸುವುದು ಇದಕ್ಕೆ ಎಚ್ಚರಿಕೆಯ ಕ್ರಮಗಳು. ಒಮ್ಮೆ ಮುರಿದ ಎಲುಬು ಮತ್ತೆ ಮುರಿಯುವ ಅಪಾಯದ ಮುಂದೆ ಈ ಅಪಾಯಗಳು ತೀರ ಚಿಕ್ಕವು.

ತಪ್ಪು ಕಲ್ಪನೆ 7: ಮುಂದಿನದನ್ನೆಲ್ಲ ದವಾಖಾನೆಯೇ ನೋಡಿಕೊಳ್ಳುತ್ತದೆ.

ಸತ್ಯ: ಶಸ್ತ್ರಚಿಕಿತ್ಸಕರ ಕೆಲಸ ಎಲುಬು ಕೂಡುವಲ್ಲಿಗೆ ಮುಗಿಯುತ್ತದೆ, ಊರಿನ ವೈದ್ಯರಿಗೆ ಅಸ್ಥಿರಂಧ್ರತೆಯ ಸುದ್ದಿ ತಲುಪಿರುವುದಿಲ್ಲ; ರೋಗಿ ಇವರಿಬ್ಬರ ನಡುವಿನ ತೆರವಿನಲ್ಲಿ ಉಳಿದುಬಿಡುತ್ತಾರೆ. ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ 1999ರಲ್ಲಿ ಆರಂಭವಾದ ವ್ಯವಸ್ಥೆಯೊಂದು ಈ ತೆರವನ್ನು ತುಂಬುವ ಸರಳ ದಾರಿಯನ್ನು ತೋರಿತು: ಮುರಿತವಾಗಿ ಬಂದ ಐವತ್ತು ದಾಟಿದ ಪ್ರತಿಯೊಬ್ಬರನ್ನೂ ಗುರುತಿಸಿ, ಪರೀಕ್ಷೆ ಮಾಡಿಸಿ, ಔಷಧದ ದಾರಿಗೆ ಹಚ್ಚುವ ಹೊಣೆ ನಿರ್ದಿಷ್ಟ ಶುಶ್ರೂಷಕಿಯರದು. ಜಿಲ್ಲಾ ಆಸ್ಪತ್ರೆಗಾಗಲಿ ತಾಲ್ಲೂಕು ಆಸ್ಪತ್ರೆಗಾಗಲಿ ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಒಂದು ದಾಖಲೆ ಪುಸ್ತಕ, ಅದಕ್ಕೆ ಹೊಣೆಯಾದ ಒಬ್ಬರು, ಊರಿನ ಆಶಾ ಕಾರ್ಯಕರ್ತೆಗೆ ಹೋಗುವ ಒಂದು ಸಂದೇಶವಿದ್ದರೆ ಆರಂಭಕ್ಕೆ ಸಾಕು. ಮನೆಯವರ ಪಾಲಿಗೆ ಉಳಿಯುವುದು ಬಚ್ಚಲ ಗೋಡೆಗೆ ಹಿಡಿಕೆ, ಪಾಚಿಗಟ್ಟಿದ ಕಲ್ಲು ತಿಕ್ಕುವುದು, ರಾತ್ರಿ ಹಿತ್ತಿಲಿನ ದಾರಿಗೆ ದೀಪ, ಕಣ್ಣಿನ ಪೊರೆಗೆ ಚಿಕಿತ್ಸೆ ಮತ್ತು ನಿದ್ದೆ ಗುಳಿಗೆ, ಬಿಪಿ ಗುಳಿಗೆಗಳ ಮರುಪರಿಶೀಲನೆ.

ಹೊಲಿಗೆ ಬಿಚ್ಚುವ ದಿನಾಂಕವೂ ನೋವಿನ ಗುಳಿಗೆಯ ಹೆಸರೂ ಡಿಸ್ಚಾರ್ಜ್ ಚೀಟಿಯಲ್ಲಿ ತಪ್ಪದೆ ಇರುತ್ತವೆ. ಅದೇ ಚೀಟಿಯಲ್ಲಿ 'ಅಸ್ಥಿರಂಧ್ರತೆ' ಎಂಬ ರೋಗದ ಹೆಸರು, ಅದಕ್ಕೆ ಕೊಡುವ ಔಷಧ, ಅದನ್ನು ಆರಂಭಿಸುವ ದಿನ ಬರೆದಿವೆಯೇ ಎಂದು ಮನೆಯವರು ಬಿಲ್ಲು ಕಟ್ಟುವ ಮೊದಲೇ ಕೇಳಿ ತಿಳಿಯಬೇಕು.