ಮೈಯೊಡ್ಡುವುದೂ ಒಡ್ಡು ಕಟ್ಟುವುದೂ

‘ಎಕ್ಸ್‌ಪೋಷರ್’ ಎಂಬ ಇಂಗ್ಲಿಷ್ ಶಬ್ದವು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರ ಮಾತಿನಲ್ಲಿ ಇಂದು ಸಲೀಸಾಗಿ ಸೇರಿಕೊಂಡಿದೆ. ಮಗುವನ್ನು ವೇದಿಕೆಗೆ ಏರಿಸುವ ತಾಯಿಗೆ ಅದು ಅನುಭವ. ಛಾಯಾಗ್ರಾಹಕನಿಗೆ ಬೆಳಕಿನ ಅಳತೆ. ಬ್ಯಾಂಕಿನವರಿಗೆ ನಷ್ಟದ ಭಯವಿರುವ ಮೊತ್ತ. ವೈದ್ಯರಿಗೆ ಬಿಸಿಲು, ಧೂಳು, ವಿಷಾನಿಲ, ರೋಗಾಣುಗಳ ಸಂಪರ್ಕ.

ಇಷ್ಟೆಲ್ಲ ಅರ್ಥಗಳನ್ನು ಹೊರಬಲ್ಲ ಪದ ಕನ್ನಡದಲ್ಲಿ ಒಂದೇ ಇಲ್ಲ. ಗುಟ್ಟು ಬಯಲಾಗುತ್ತದೆ, ಮೈಯನ್ನು ಬಿಸಿಲಿಗೆ ಒಡ್ಡುತ್ತೇವೆ. ಈ ‘ಒಡ್ಡು’ ಎಂಬ ಪದವಂತೂ ವಿಚಾರಯೋಗ್ಯವಾದದ್ದು. ಕ್ರಿಯಾಪದವಾದಾಗ ಅದಕ್ಕೆ ಮುಂದೆ ಚಾಚು ಎಂಬ ಅರ್ಥ; ನಾಮಪದವಾದಾಗ ನೀರನ್ನು ತಡೆಯುವ ಕಟ್ಟೆಯೆಂಬ ಅರ್ಥ. ತೆರೆದುಕೊಳ್ಳುವುದೂ ತಡೆಯುವುದೂ ಒಂದೇ ಪದದಲ್ಲಿ ನೆಲೆಸಿವೆ. ಆರೋಗ್ಯಶಾಸ್ತ್ರದ ಸಾರವೂ ಇದೇ ಆಗಿದೆ.

ಛಾಯಾಚಿತ್ರದ ಫಿಲ್ಮಿಗೆ ಬೆಳಕು ಸಾಲದಿದ್ದರೆ ಚಿತ್ರ ಕಪ್ಪಾಗುತ್ತದೆ, ಹೆಚ್ಚಾದರೆ ಬಿಳಿಚಿಕೊಳ್ಳುತ್ತದೆ. ಬೆಳಕಿನ ಪ್ರಖರತೆಯಷ್ಟೇ ಅಲ್ಲ, ಅದು ಬಿದ್ದ ಕಾಲವೂ ಗಣನೆಗೆ ಬರುತ್ತದೆ. ದೇಹದ ಲೆಕ್ಕವೂ ಹೀಗೆಯೇ. ವಿಷವಾಗುವುದೂ ಆಗದಿರುವುದೂ ಪ್ರಮಾಣದಿಂದ ಎಂಬುದನ್ನು ಪ್ಯಾರಸೆಲ್ಸಸ್ ಎಂಬ ವೈದ್ಯ 16ನೆಯ ಶತಮಾನದಲ್ಲಿಯೇ ಸಾರಿದ್ದನು. ಮಿತವಾದ ಬಿಸಿಲಿನಿಂದ ಚರ್ಮದಲ್ಲಿ ‘ಡಿ’ ಜೀವಸತ್ವ ಉತ್ಪತ್ತಿಯಾಗುತ್ತದೆ. ಅದೇ ಬಿಸಿಲು ಮಿತಿಮೀರಿದರೆ ಪ್ರಾಣವನ್ನೇ ಕೊಂಡೊಯ್ಯಬಲ್ಲದು.

ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. 2023ರ ಏಪ್ರಿಲ್ 16ರಂದು ನವಿಮುಂಬಯಿಯ ಖಾರ್ಘರ್‌ನಲ್ಲಿ ಬಯಲಿನಲ್ಲಿ ನಡೆದ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭದಲ್ಲಿ ತಾಸುಗಟ್ಟಲೆ ಬಿಸಿಲಿಗೆ ಕುಳಿತ ಜನರ ಪೈಕಿ 14 ಮಂದಿ ಅಸುನೀಗಿದರು. ಅಂದಿನ ಉಷ್ಣತೆ ಸುಮಾರು 38 ಡಿಗ್ರಿ. ಉತ್ತರ ಕರ್ನಾಟಕದವರಿಗೆ ಇದು ಹೆಚ್ಚೆನಿಸದು. ಆದರೆ ಕರಾವಳಿಯ ಗಾಳಿಯಲ್ಲಿ ತೇವಾಂಶ ಅಧಿಕವಾದುದರಿಂದ ಬೆವರು ಆರುವುದಿಲ್ಲ. ಬೆವರು ಆರದೆ ಮೈ ತಣಿಯುವುದಿಲ್ಲ. ಆದುದರಿಂದಲೇ ಹವಾಮಾನ ಇಲಾಖೆಯು ಶಾಖದ ಅಲೆಯನ್ನು ಗುರುತಿಸುವಾಗ ಬಯಲುಸೀಮೆಗೆ 40 ಡಿಗ್ರಿಯನ್ನೂ ಕರಾವಳಿಗೆ 37 ಡಿಗ್ರಿಯನ್ನೂ ಕನಿಷ್ಠ ಮಿತಿಯಾಗಿ ಇಟ್ಟಿದೆ. ಹೋಟೆಲಿನ ಒಲೆಯ ಮುಂದೆ ದಿನವಿಡೀ ನಿಲ್ಲುವ ಅಡುಗೆಯವರಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಅಗತ್ಯ.

ಬಿಸಿಲಿಗೆ ಬಳಲಿ ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ, ಅಂಥವರನ್ನು ತಡಮಾಡದೆ ನೆರಳಿಗೆ ಒಯ್ದು, ಉಡುಪು ಸಡಿಲಿಸಿ, ಮೈಗೆ ತಣ್ಣೀರು ಹಾಕಿ ಗಾಳಿ ಬೀಸಬೇಕು. 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹೊಯ್ಯಬಾರದು.

ಡೊಂಬಿವಲಿಯ ಕೈಗಾರಿಕಾ ವಲಯದಲ್ಲಿ 2016ರ ಮೇ 26ರಂದೂ 2024ರ ಮೇ 23ರಂದೂ ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟಗಳಾಗಿ ಜೀವಹಾನಿ ಸಂಭವಿಸಿತು. ದೂರದ ಮನೆಗಳ ಕಿಟಕಿಗಾಜುಗಳೂ ಒಡೆದವು. ಇಂಥ ನೆರೆಹೊರೆಯಲ್ಲಿ ಬಾಳುವವರು ಕ್ಷ-ಕಿರಣ ಕೊಠಡಿಯ ಪಾಠವನ್ನು ನೆನಪಿಡುವುದು ಲೇಸು. ಅಲ್ಲಿನ ತಂತ್ರಜ್ಞರ ರಕ್ಷಣೆಗೆ ಸೂತ್ರಗಳು ಮೂರು: ಕಡಿಮೆ ಕಾಲ, ಹೆಚ್ಚು ದೂರ, ನಡುವೆ ಸೀಸದ ಒಡ್ಡು. ವಿಷಾನಿಲ ಹಬ್ಬಿದಾಗಲೂ ನೋಡುತ್ತ ನಿಲ್ಲದೆ, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ದೂರ ಸರಿಯಬೇಕು. ಸರಿಯಲಾಗದವರು ಬಾಗಿಲು, ಕಿಟಕಿಗಳನ್ನು ಭದ್ರಪಡಿಸಿ ಒಳಗಿರಬೇಕು. ಕಣ್ಣಿಗೆ ರಾಸಾಯನಿಕ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ಶುದ್ಧ ನೀರಿನಲ್ಲಿ ತೊಳೆದು ವೈದ್ಯರನ್ನು ಕಾಣಬೇಕು.

ಕೊನೆಗೆ ಮಕ್ಕಳ ಮಾತು. ನೆರೆಯ ಮರಾಠಿಗೂ ಬೀದಿಯ ಹಿಂದಿಗೂ ಶಾಲೆಯ ಇಂಗ್ಲಿಷಿಗೂ ಅವರ ಕಿವಿ ತೆರೆದಿರಲಿ. ಅದಕ್ಕೆ ಒಡ್ಡು ಕಟ್ಟುವುದು ಬೇಡ. ಆದರೆ ಮನೆಯೊಳಗೆ ಕನ್ನಡ ಕಿವಿಗೆ ಬೀಳದಿದ್ದರೆ, ಬೆಳಕು ಸಾಲದ ಫಿಲ್ಮಿನಂತೆ, ತಾಯ್ನುಡಿ ಅವರಲ್ಲಿ ಮೂಡುವುದಿಲ್ಲ. ರಾತ್ರಿಯೂಟದ ಹೊತ್ತಿನಲ್ಲಾದರೂ ಹಿರಿಯರು ಅವರೊಡನೆ ಕನ್ನಡದಲ್ಲಿ ಮಾತನಾಡುವುದು ಉಚಿತ.