ಹಂಚಿಕೊಳ್ಳುವ ಮುನ್ನ ಕೇಳಿದ್ದೇವೆಯೇ?

ದನಗಳ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಕುದುರುವ ಬಗೆಯನ್ನು ನಮ್ಮ ಕಡೆಯ ಹಿರಿಯರೆಲ್ಲ ಬಲ್ಲರು. ದಲ್ಲಾಳಿಯೂ ಕೊಳ್ಳುವವನೂ ಎದುರುಬದುರು ನಿಂತು, ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಬೆಲೆ ಕಟ್ಟುತ್ತಾರೆ. ಸುತ್ತ ನೂರು ಜನ ನೆರೆದಿದ್ದರೂ ಮಾತು ಎಷ್ಟಕ್ಕೆ ನಿಂತಿತೆಂಬುದು ಮೂರನೆಯವನಿಗೆ ತಿಳಿಯದು. ಅದೇ ರೈತ ರೇಷ್ಮೆಗೂಡನ್ನು ಸರ್ಕಾರಿ ಮಾರುಕಟ್ಟೆಗೆ ತಂದಾಗ ಹರಾಜು ಬಹಿರಂಗವಾಗಿ ನಡೆಯುತ್ತದೆ. ಯಾವ ಲಾಟಿಗೆ ಎಷ್ಟು ದರ ಬಿತ್ತೆಂಬುದನ್ನು ಎಲ್ಲರೂ ಕೇಳಬಹುದು, ಕೇಳಬೇಕು ಕೂಡ. ಯಾವುದು ನಾಲ್ಕು ಜನರ ಮುಂದೆ ಇರಬೇಕು, ಯಾವುದು ಇಬ್ಬರ ನಡುವೆಯೇ ಉಳಿಯಬೇಕು ಎಂಬ ವಿವೇಚನೆಯನ್ನು ನಮ್ಮ ಗ್ರಾಮಸಮಾಜಕ್ಕೆ ಯಾವ ಕಾಯ್ದೆಯೂ ಬಂದು ಕಲಿಸಿದ್ದಲ್ಲ.

ಇದನ್ನು ಹೇಳಲು ಕಾರಣವಿದೆ. ನಿವೃತ್ತನಾದ ಮೇಲೆ ನಾನು ಕೊಳ್ಳೇಗಾಲದ ಮಗ್ಗುಲಿನ ಮಧುವನಹಳ್ಳಿಯಲ್ಲಿ ನೆಲೆಸಿದ್ದೇನೆ. ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಲ್ಲಿ ಇನ್ನೊಬ್ಬರ ವಿಷಯವನ್ನು ಹಂಚುವಾಗ ಖಾಸಗಿತನದ ಬಗೆಗೆ ಎಚ್ಚರ ಬೇಕೆಂದು ಇಲ್ಲಿನ ಯುವಕರಿಗೆ ಹೇಳಿದಾಗಲೆಲ್ಲ ಒಂದೇ ಉತ್ತರ ಸಿಗುತ್ತದೆ: ‘ಹಳ್ಳಿಯಲ್ಲಿ ಗುಟ್ಟೆಲ್ಲಿ ಬಂತು ಸಾರ್? ಅದೆಲ್ಲ ಬೆಂಗಳೂರಿನವರ ಮಾತು.’ ಮೇಲ್ನೋಟಕ್ಕೆ ಈ ವಾದ ಸರಿಯೆನಿಸುತ್ತದೆ. ಯಾರ ಮನೆಗೆ ಯಾರು ಬಂದರು, ಯಾರ ಸಾಲ ಎಷ್ಟು, ಯಾರ ಮಗಳು ತವರಿಗೆ ಮರಳಿದಳು ಎಂಬುದೆಲ್ಲ ಊರಿಗೆ ಗೊತ್ತೇ ಇರುತ್ತದೆ. ಆದರೆ ಜಗಲಿಯ ಮಾತಿಗೂ ಫೋನಿನ ಸಂದೇಶಕ್ಕೂ ಅಜಗಜಾಂತರವಿದೆ. ಜಗಲಿಯಲ್ಲಿ ಆಡಿದವನಿಗೆ ಮುಖವಿತ್ತು. ನಾಳೆ ಅವನ ಮನೆಯ ಸುದ್ದಿಯೂ ಅದೇ ಜಗಲಿಗೆ ಬರಬಹುದೆಂಬ ಅಂಜಿಕೆಯಿತ್ತು. ಕೇಳಿದವರಿಗೆ ಆ ಮನೆಯ ಹಿಂದುಮುಂದು ತಿಳಿದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಊರಿಗೆ ಮರೆವಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಳೆಯ ಸುದ್ದಿಯನ್ನು ಹೊಸದು ಮುಚ್ಚುತ್ತಿತ್ತು. ಫೋನು ಮರೆಯುವುದಿಲ್ಲ, ಹಿಂದುಮುಂದು ಹೇಳುವುದೂ ಇಲ್ಲ.

ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿತ್ತು. ಹೆಸರುಗಳಲ್ಲ, ಬರೀ ನೋಂದಣಿ ಸಂಖ್ಯೆಗಳು, ಅದೂ ತೇರ್ಗಡೆಯಾದವರದು ಮಾತ್ರ. ಸಂಖ್ಯೆ ಕಾಣದಿದ್ದವನು ಪತ್ರಿಕೆ ಮಡಿಸಿಟ್ಟು ತನ್ನ ದುಃಖವನ್ನು ತಾನೇ ನುಂಗಿಕೊಳ್ಳಬಹುದಿತ್ತು. ಅಂದಿನ ಶಿಕ್ಷಣ ಇಲಾಖೆಗೆ ಖಾಸಗಿತನವೆಂಬ ಶಬ್ದ ಗೊತ್ತಿತ್ತೋ ಇಲ್ಲವೋ, ಅಚ್ಚಿನ ಜಾಗ ಉಳಿಸುವುದೇ ಉದ್ದೇಶವಾಗಿತ್ತೋ ಏನೋ, ಪರಿಣಾಮವಂತೂ ಮಾನವೀಯವಾಗಿತ್ತು. ಈಗ ಫಲಿತಾಂಶ ಬಂದ ಅರ್ಧ ಗಂಟೆಯೊಳಗೆ ಇಡೀ ಅಂಕಪಟ್ಟಿಯೇ ಗ್ರೂಪಿನಲ್ಲಿ ಹರಿದಾಡುತ್ತದೆ. ಅದರಲ್ಲಿ ನೋಂದಣಿ ಸಂಖ್ಯೆ, ಜನ್ಮದಿನಾಂಕ, ತಂದೆ ತಾಯಿಯ ಹೆಸರು ಎಲ್ಲವೂ ಇರುತ್ತವೆ. ಅಭಿನಂದನೆಯ ಹೂಗುಚ್ಛದ ಚಿತ್ರಗಳೂ ಬೀಳುತ್ತವೆ. ಹಾಕಿದವರು ಅಕ್ಕರೆಯಿಂದಲೇ ಹಾಕಿರುತ್ತಾರೆ, ಅನುಮಾನವಿಲ್ಲ. ತೊಡಕಿರುವುದೇ ಅಲ್ಲಿ: ಹಾನಿ ಮಾಡುವ ಉದ್ದೇಶ ಯಾರಿಗೂ ಇರುವುದಿಲ್ಲ.

ನಮ್ಮ ಸೀಮೆಯ ಒಬ್ಬ ಹೆಣ್ಣುಮಗಳ ಅನುಭವವನ್ನು ಆಕೆಯ ಒಪ್ಪಿಗೆ ಕೇಳಿಯೇ, ಗುರುತು ಮರೆಸಿ ಬರೆಯುತ್ತಿದ್ದೇನೆ. ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೂಲಿ ಮಾಡುವ ವಿಧವೆ. 2020ರ ಲಾಕ್‌ಡೌನಿನಲ್ಲಿ ಕೆಲಸ ನಿಂತಿತು. ದಾನಿಗಳು ಬಂದು ಆಹಾರದ ಕಿಟ್ ಹಂಚಿದರು. ಅಕ್ಕಿ ಚೀಲದ ಒಂದು ತುದಿಯನ್ನು ಕೊಡುವವರೂ ಇನ್ನೊಂದು ತುದಿಯನ್ನು ಈಕೆಯೂ ಹಿಡಿದು ನಿಂತ ಫೋಟೊ ತೆಗೆಯಲಾಯಿತು. ಅಂದು ಸಂಜೆಯೇ ಅದು ಜಾಲತಾಣಗಳಲ್ಲಿ ಬಂತು. ಮಾರನೆಯ ವರ್ಷ ಮಗಳಿಗೆ ಗಂಡು ನೋಡುವಾಗ ಬೀಗರಾಗಬೇಕಿದ್ದವರ ಕಡೆಯವರೊಬ್ಬರು ಅದೇ ಫೋಟೊ ತೋರಿಸಿ, ‘ಕಿಟ್ ಈಸ್ಕೊಂಡ ಮನೆ’ ಎಂದರಂತೆ. ಸಂಬಂಧ ಮುರಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆಕೆ ನನ್ನೊಡನೆ ಹೇಳಿದ್ದು ಇಷ್ಟೇ: ‘ಅಕ್ಕಿ ಮೂರು ವಾರಕ್ಕೆ ಮುಗಿದೋಯ್ತು ಅಣ್ಣಾ, ಫೋಟೊ ಇನ್ನೂ ಮುಗ್ದಿಲ್ಲ.’

ಫೋಟೊ ತೆಗೆಯುವಾಗ ಆಕೆ ಬೇಡವೆನ್ನಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಹಸಿದು ನಿಂತವರ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಯಾವ ನ್ಯಾಯ? ಸರ್ಕಾರಿ ನೌಕರಿಯಲ್ಲಿ ಎಷ್ಟೋ ಸವಲತ್ತು ವಿತರಣಾ ಸಮಾರಂಭಗಳಲ್ಲಿ ವೇದಿಕೆಯ ಮೇಲೆ ಕುಳಿತವನಾಗಿ ಹೇಳುತ್ತೇನೆ: ಗಾಲಿಕುರ್ಚಿಯೋ ಹೊಲಿಗೆ ಯಂತ್ರವೋ ಪಡೆಯಲು ಬಂದವರು ಕ್ಯಾಮೆರಾದ ಕಡೆ ನೋಡುವ ನೋಟಕ್ಕೂ ಕೊಡುವವರು ನೋಡುವ ನೋಟಕ್ಕೂ ಹೋಲಿಕೆಯೇ ಇರುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ‘ಬಾಹ್ಯ ಪರಿಣಾಮ’ ಎಂಬ ಪರಿಕಲ್ಪನೆಯನ್ನು ಓದಿರುತ್ತಾರೆ. ಕೇಂಬ್ರಿಡ್ಜಿನ ಪಿಗೂ 1920ರ ತಮ್ಮ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದರು. ಕಾರ್ಖಾನೆಯ ಲಾಭ ಮಾಲೀಕನಿಗೆ, ಸರಕು ಗಿರಾಕಿಗೆ, ಹೊಗೆ ಮಾತ್ರ ವ್ಯವಹಾರದಲ್ಲಿ ಪಾಲಿಲ್ಲದ ನೆರೆಯವನಿಗೆ. ನಮ್ಮ ಊರುಗಳಲ್ಲಾದರೆ ಗೂಡು ಬೇಯಿಸಿದ ನಾರುವ ನೀರು ಪಕ್ಕದ ಹಿತ್ತಲಿಗೆ ಹರಿದಂತೆ. ಜಾಲತಾಣದ ಹಂಚಿಕೆಯಲ್ಲೂ ನಡೆಯುವುದು ಇದೇ. ಹಂಚಿದವನಿಗೆ ನಾಲ್ಕು ಲೈಕುಗಳು, ಕಂಪನಿಗೆ ಜಾಹೀರಾತಿನ ಆದಾಯ, ವೆಚ್ಚವೆಲ್ಲ ಚಿತ್ರದಲ್ಲಿರುವ ಮೂರನೆಯವರ ತಲೆಗೆ. ಖಾಸಗಿತನವೆಂದರೆ ನಮ್ಮ ಪಾಸ್‌ವರ್ಡನ್ನು ನಾವು ಕಾಯ್ದುಕೊಳ್ಳುವುದು ಎಂದು ಎಲ್ಲರೂ ತಿಳಿದಿದ್ದೇವೆ. ಅದು ಬೇಕಾದದ್ದೇ. ಆದರೆ ನಮ್ಮ ಫೋನಿನಲ್ಲಿರುವ ಬಹುಪಾಲು ಗುಟ್ಟುಗಳು ನಮ್ಮವಲ್ಲ, ಬೇರೆಯವರವು.

ಈ ವಿಷಯದಲ್ಲಿ ಸರ್ಕಾರಗಳು ಮೇಲ್ಪಂಕ್ತಿ ಹಾಕಿವೆಯೆಂದು ಹೇಳಲಾಗದು. 2020ರ ಮಾರ್ಚ್‌ನಲ್ಲಿ, ವಿದೇಶಗಳಿಂದ ಮರಳಿ ಮನೆಯಲ್ಲೇ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಪ್ರಕಟಿಸಿತು. ಪಟ್ಟಿಯಲ್ಲಿ ಹೆಸರಿರಲಿಲ್ಲ, ಮನೆ ಸಂಖ್ಯೆಯಿತ್ತು. ಬೀದಿಯವರಿಗೆ ಅಷ್ಟು ಸಾಲದೇ? ಪಟ್ಟಿಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದವು. ಅದೇ ತಿಂಗಳ ಕೊನೆಗೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಅವಧಿ ಬಿಟ್ಟು ಗಂಟೆಗೊಂದು ಸೆಲ್ಫಿ ಕಳುಹಿಸಬೇಕೆಂಬ ಆದೇಶವೂ ಹೊರಟಿತು. ಸೋಂಕು ತಡೆಯುವ ಹೊಣೆ ಹೊತ್ತ ಆಡಳಿತದ ಒತ್ತಡವನ್ನು ನಾನು ಬಲ್ಲೆ; ಆದರೂ ಆ ಪಟ್ಟಿ ಅಧಿಕಾರಿಗಳ ಕೈಯಲ್ಲಿದ್ದರೆ ಸಾಕಾಗಿತ್ತು. ಸೋಂಕಿತರ ಮನೆಯ ಮುಂದೆ ಫಲಕ ಅಂಟಿಸುವ ರೂಢಿಯ ಬಗ್ಗೆ ಸುಪ್ರೀಂ ಕೋರ್ಟು ಆ ವರ್ಷದ ಡಿಸೆಂಬರ್‌ನಲ್ಲಿ, ವಿಪತ್ತು ನಿರ್ವಹಣಾ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಹಾಗೆ ಮಾಡಕೂಡದೆಂದು ಹೇಳಿತು.

ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪಿತ್ತದ್ದು ಇದಕ್ಕೆ ಮೂರು ವರ್ಷ ಮುಂಚೆ, 2017ರ ಆಗಸ್ಟ್ 24ರಂದು. ಆ ಮೊಕದ್ದಮೆಯ ಅರ್ಜಿದಾರರು ನಮ್ಮವರೇ ಎಂಬುದನ್ನು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಸರ್ಕಾರದ ಎದುರು ಪ್ರಜೆಗೆ ಸಿಕ್ಕ ಆ ರಕ್ಷಣೆ, ನೆರೆಯವನ ಫೋನಿನ ಎದುರು ನೇರವಾಗಿ ಒದಗುವುದಿಲ್ಲ ಎಂಬುದೇ ನನ್ನ ಚಿಂತೆ.

ನೆರೆಯವರ ಫೋನಿನಿಂದ ಏನೆಲ್ಲ ಆಗಬಹುದೆಂಬುದನ್ನು ಈ ರಾಜ್ಯ ಕಂಡಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಪ್ರವಾಸ ಬಂದ ಯುವಕರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರನ್ನು ಮಕ್ಕಳ ಕಳ್ಳರೆಂದು ಬಿಂಬಿಸುವ ವಿಡಿಯೊ ಅವರಿಗಿಂತ ಮುಂಚೆ ಮುರ್ಕಿ ಗ್ರಾಮ ತಲಪಿತು. ಅಲ್ಲಿ ಗುಂಪು ಸೇರಿ ಒಬ್ಬನನ್ನು ಬಡಿದು ಕೊಂದಿತು. ಆ ತಿಂಗಳೇ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು.

ಹಾಸನದ್ದಂತೂ ಇನ್ನೂ ಹಸಿಯಾದ ಗಾಯ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಮುಂಚೆ, ಅಂದಿನ ಸಂಸದನಿಗೆ ಸಂಬಂಧಿಸಿದವೆನ್ನಲಾದ ಲೈಂಗಿಕ ದೌರ್ಜನ್ಯದ ದೃಶ್ಯಗಳ ಪೆನ್‌ಡ್ರೈವ್‌ಗಳು ಸಾರ್ವಜನಿಕ ಸ್ಥಳಗಳಲ್ಲಿ ಚೆಲ್ಲಾಡಿದವು. ಹೆಣ್ಣುಮಕ್ಕಳ ಮುಖವನ್ನು ಮರೆಮಾಡುವ ಸೌಜನ್ಯವನ್ನೂ ಚೆಲ್ಲಿದವರು ತೋರಲಿಲ್ಲ. ವಿಶೇಷ ತನಿಖಾ ತಂಡ ರಚನೆಯಾಯಿತು. ಆ ದೃಶ್ಯಗಳನ್ನು ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧವೆಂದು ತಂಡ ಎಚ್ಚರಿಸಿತು. ಒಂದು ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಆ ಮಾಜಿ ಸಂಸದನಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ಒಬ್ಬನ ಅಪರಾಧವನ್ನು ಸಾವಿರಾರು ಫೋನುಗಳಿಗೆ ದಾಟಿಸಿದವರು ಯಾರು? ‘ಅನ್ಯಾಯ ಬಯಲಾಗಲಿ ಎಂದು ಕಳುಹಿಸಿದೆ’ ಎಂದವರಿದ್ದರು. ಅನ್ಯಾಯ ಬಯಲಾಗಲು ದೂರು ಬೇಕು, ಸಾಕ್ಷ್ಯ ಬೇಕು, ನ್ಯಾಯಾಲಯ ಬೇಕು. ಸಂತ್ರಸ್ತೆಯ ಮುಖ ಬೇಕಿಲ್ಲ. ಆ ಜಿಲ್ಲೆಯಲ್ಲಿ ಮನೆ ಬಿಟ್ಟು ಹೋದ ಹೆಣ್ಣುಮಕ್ಕಳ ಬಗ್ಗೆ ಪತ್ರಿಕೆಗಳು ಬರೆದವು. ಅವರು ಹೆದರಿದ್ದು ಒಬ್ಬ ಸಂಸದನಿಗೆ ಮಾತ್ರವೇ ಅಲ್ಲ, ತಮ್ಮದೇ ಬೀದಿಯ ಫೋನುಗಳಿಗೆ ಕೂಡ.

ಕಾನೂನು ಇಲ್ಲವೆಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆದು ಹಂಚುವವರಿಗೆ 3 ವರ್ಷದವರೆಗೆ, 67ಎ ಕಲಮು ಲೈಂಗಿಕ ದೃಶ್ಯಗಳನ್ನು ಪ್ರಸಾರ ಮಾಡುವವರಿಗೆ ಮೊದಲ ಸಲ 5 ವರ್ಷದವರೆಗೆ ಸೆರೆವಾಸ ವಿಧಿಸುತ್ತವೆ. ಅತ್ಯಾಚಾರದ ಸಂತ್ರಸ್ತೆಯ ಗುರುತನ್ನು ಪ್ರಕಟಿಸುವುದನ್ನು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮು ನಿಷೇಧಿಸುತ್ತದೆ. ಆದರೆ ಕಿಟ್ ಹಿಡಿದು ನಿಂತ ಹೆಂಗಸಿಗೆ ಇವು ಯಾವುವೂ ನೆರವಾಗವು. ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಿತು, 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದವು. ಅದರ ಮೂರನೆಯ ಕಲಮನ್ನು ಓದಿ ನೋಡಿ: ವ್ಯಕ್ತಿಯೊಬ್ಬ ತನ್ನ ವೈಯಕ್ತಿಕ ಅಥವಾ ಗೃಹಸಂಬಂಧಿ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸದು. ನೆಂಟರಿಷ್ಟರ ಗ್ರೂಪಿನಲ್ಲಿ ಫೋಟೊ ಹಾಕಿದವನು ಈ ವಿನಾಯಿತಿಯ ಮರೆಗೆ ಸುಲಭವಾಗಿ ಸರಿಯಬಲ್ಲ. ವಿಪರ್ಯಾಸವೆಂದರೆ, ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿಯೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವ ಅವಕಾಶವನ್ನು ಕಚೇರಿಗಳಿಗೆ ಒದಗಿಸಿದೆ. ಸಾರ್ವಜನಿಕ ಹಿತಾಸಕ್ತಿಗಾಗಿ 8(2) ಉಳಿದಿದೆ ಎಂಬುದು ಸರ್ಕಾರದ ಸಮಜಾಯಿಷಿ. ಅಧಿಕಾರಿಯಾಗಿದ್ದವನಾಗಿ ನನ್ನ ಅಭಿಪ್ರಾಯ ಬೇರೆ: ಲೆಕ್ಕ ಕೊಡಬೇಕಾದವರಿಗೆ ಪರದೆ ಸಿಕ್ಕಿತು, ಪರದೆ ಬೇಕಾಗಿದ್ದವರು ಬಯಲಿನಲ್ಲೇ ಉಳಿದರು.

ಕಂದಾಯ ಇಲಾಖೆಯಲ್ಲಿದ್ದವನ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿಯೂ ಇದೆ. 2023ರಲ್ಲಿ ವಂಚಕರು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಕ್ರಯಪತ್ರಗಳ ಪ್ರತಿ ಪಡೆದು, ಅದರಲ್ಲಿದ್ದ ಬೆರಳಚ್ಚು ಹಾಗೂ ಆಧಾರ್ ಸಂಖ್ಯೆ ಬಳಸಿ ಜನರ ಬ್ಯಾಂಕ್ ಖಾತೆಗಳಿಂದ ಹಣ ತೆಗೆದರು. ಬೆಂಗಳೂರು ಪೊಲೀಸರು ಬಿಹಾರದವರೆಗೂ ಹೋಗಿ ಆರೋಪಿಗಳನ್ನು ಹಿಡಿದರು. ಇಷ್ಟಾದ ಮೇಲೂ ಹೊಸ ಸೈಟು ಕೊಂಡ ಸಂತೋಷಕ್ಕೆ ಕ್ರಯಪತ್ರದ ಪುಟಗಳನ್ನೇ ಸ್ಟೇಟಸ್‌ಗೆ ಹಾಕುವವರನ್ನು ಕಾಣುತ್ತೇನೆ. ಆಧಾರ್ ಪ್ರತಿ ಕೇಳಿದಲ್ಲಿ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿಯನ್ನು ಕೊಡಬಹುದು. ಬಯೊಮೆಟ್ರಿಕ್ ಲಾಕ್ ಮಾಡುವ ಸೌಲಭ್ಯ ಆಧಾರ್ ಪ್ರಾಧಿಕಾರದ ಆ್ಯಪಿನಲ್ಲೇ ಇದೆ. ಸ್ಟೇಟಸ್ ಯಾರಿಗೆ ಕಾಣಬೇಕೆಂಬುದನ್ನು ಫೋನಿನಲ್ಲೇ ಗೊತ್ತುಮಾಡಬಹುದು. ಮಾದಪ್ಪನ ಬೆಟ್ಟಕ್ಕೆ ಮನೆಮಂದಿಯೆಲ್ಲ ಹೊರಟ ಫೋಟೊವನ್ನು ಮರಳಿ ಬಂದ ಮೇಲೆ ಹಾಕಿದರೂ ಪುಣ್ಯವೇನೂ ಕಡಿಮೆಯಾಗದು.

ಹಿಂದೆ ಜನಗಣತಿಯ ಕೆಲಸದ ಮೇಲ್ವಿಚಾರಣೆಯಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಿದ್ದಾಗ, ವಯಸ್ಸು, ವೈಧವ್ಯ, ಅಂಗವೈಕಲ್ಯದಂತಹ ಸಂಗತಿಗಳನ್ನು ಮನೆಯವರು ಅಪರಿಚಿತ ಗಣತಿದಾರನಿಗೆ ನಿಸ್ಸಂಕೋಚವಾಗಿ ಹೇಳುತ್ತಿದ್ದರು. 1948ರ ಜನಗಣತಿ ಕಾಯ್ದೆಯ 15ನೆಯ ಕಲಮು ಆ ದಾಖಲೆಗಳನ್ನು ಯಾರೂ ಪರಿಶೀಲಿಸುವಂತಿಲ್ಲ, ಸಾಕ್ಷ್ಯವಾಗಿಯೂ ಬಳಸುವಂತಿಲ್ಲ ಎನ್ನುತ್ತದೆ. ಜನಕ್ಕೆ ಕಲಮು ಗೊತ್ತಿರಲಿಲ್ಲ, ನಂಬಿಕೆಯಿತ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆದಾಗ ಮಾಹಿತಿಯನ್ನು ಗೋಪ್ಯವಾಗಿಡಬೇಕು, ಉತ್ತರಿಸುವುದು ಐಚ್ಛಿಕವೆಂದು ಜನರಿಗೆ ತಿಳಿಸಬೇಕು ಎಂದು ಹೈಕೋರ್ಟು ಆದೇಶಿಸಬೇಕಾಯಿತು. ನಂಬಿಕೆ ಸವೆದ ಕಡೆಗೆ ನ್ಯಾಯಾಲಯ ಬರುತ್ತದೆ. ಊರಿನ ಗ್ರೂಪಿಗೆ ಅದು ಬರುವುದಿಲ್ಲ. ಗ್ರೂಪಿನ ಅಡ್ಮಿನ್ ಆಗಿರುವುದೊಂದೇ ಕಾರಣಕ್ಕೆ ಸದಸ್ಯರು ಹಾಕಿದ ಸಂದೇಶಕ್ಕೆ ಅವನು ಹೊಣೆಗಾರನಲ್ಲವೆಂದು ಕೇರಳ ಹೈಕೋರ್ಟು 2022ರಲ್ಲಿ ಹೇಳಿದೆ. ಹಾಗಾಗಿ ಅಲ್ಲಿನ ಕಟ್ಟುಪಾಡನ್ನು ಅಲ್ಲಿಯವರೇ ಮಾಡಿಕೊಳ್ಳಬೇಕು.

ನಮ್ಮಲ್ಲಿ ಒಂದು ಪ್ರಯತ್ನ ನಡೆದಿದೆ. ಅಂಕಪಟ್ಟಿಗಳ ಬಗ್ಗೆ ಒಂದಿಬ್ಬರು ಹುಡುಗಿಯರು ತಕರಾರೆತ್ತಿದ ಮೇಲೆ, ಗ್ರೂಪು ನಡೆಸುವ ಯುವಕರು ಕುಳಿತು ಮಾತಾಡಿದರು, ನನ್ನನ್ನೂ ಕರೆದಿದ್ದರು. ಸಹಾಯ ಪಡೆದವರ ಫೋಟೊ ಹಾಕಕೂಡದು, ಮಕ್ಕಳ ಅಂಕಪಟ್ಟಿ ಹಾಕಕೂಡದು, ಹೆಸರು ಮತ್ತು ಒಟ್ಟು ಅಂಕವನ್ನಷ್ಟೇ ಹಾಕಬಹುದು, ಅದಕ್ಕೂ ಅಪ್ಪ ಅಮ್ಮನನ್ನಲ್ಲ, ಮಗುವನ್ನೇ ಕೇಳಬೇಕು ಎಂದು ಗೊತ್ತಾಯಿತು. ಕೊನೆಯ ಅಂಶಕ್ಕೆ ಹಿರಿಯರಿಂದ ಸಾಕಷ್ಟು ವಿರೋಧ ಬಂತು. ಹೆತ್ತವರಿಗಿಲ್ಲದ ಹಕ್ಕೇ ಎಂದು ಕೆಲವರು ರೇಗಿದರು, ಒಬ್ಬರು ಗ್ರೂಪು ಬಿಟ್ಟೇ ಹೋದರು. ಆದರೂ ನಿಯಮ ನಿಂತಿತು. ಕಳೆದ ಫಲಿತಾಂಶದ ದಿನ ಕೇಳಿದಾಗ ಹೆಚ್ಚಿನ ಮಕ್ಕಳು ಹಾಕಿ ಎಂದರು. ಮೂವರು ಬೇಡವೆಂದರು. ಏಕೆಂದು ಯಾರೂ ಕೇಳಲಿಲ್ಲ.